ಸಹಾಯ ಬೇಕು: ಕರಾವಳಿ ಚಾರಣಕ್ಕೆ ಟೆಂಟೋ, ತಾಡಪತ್ರಿಯೋ?

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೋಗಿ, ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳ ಮೂಲಕ ಗೋಕರ್ಣದವರೆಗೆ ನಡೆಯಲು ನಾನೂ ನನ್ನ ತಮ್ಮನೂ ನಿಶ್ಚಯಿಸಿದ್ದೇವೆ. ರಾತ್ರಿ ತಂಗುವುದು ಮಾಲೀಕರು ಒಪ್ಪಿದ ತೆಂಗಿನ ತೋಟದಲ್ಲಿ ಮಾತ್ರ. ನೀರೂ ಸೇರಿ ಚೀಲದ ತೂಕ 8 ಕಿಲೋ ಮೀರಬಾರದೆಂದು ದಪ್ಪ ಸ್ಲೀಪಿಂಗ್ ಬ್ಯಾಗ್ ಕೈಬಿಟ್ಟು ತೆಳು ಹೊದಿಕೆ ಇಟ್ಟುಕೊಂಡಿದ್ದೇವೆ, ಕರಾವಳಿಯ ಸೆಕೆಗೆ ಅಷ್ಟು ಸಾಕು.

ತೊಡಕಿರುವುದು ಸೂರಿನ ವಿಷಯದಲ್ಲಿ. ಸ್ನೇಹಿತರ ಒಂದೇ ಪದರದ ಟೆಂಟನ್ನು ಮಾಳಿಗೆಯ ಮೇಲೆ ಹಾಕಿ ಮಲಗಿ ನೋಡಿದಾಗ, ಧಾರವಾಡದ ಒಣಹವೆಯಲ್ಲಿಯೇ ಬೆಳಗಿನ ಹೊತ್ತಿಗೆ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಾಡಪತ್ರಿ, ಸೊಳ್ಳೆಪರದೆ ಹಗುರವೇನೋ ಹೌದು. ಆದರೆ ಮರಳುಗುಡ್ಡೆಯಲ್ಲಿ ಊರಿದ ತೆಳು ಗೂಟಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕಿತ್ತುಬಂದವು.

ಮರಳು ತುಂಬಿದ ಚೀಲಗಳನ್ನು ಹೂತು ಹಗ್ಗ ಕಟ್ಟಿದರೆ ತಾಡಪತ್ರಿ ಕಡಲಗಾಳಿಗೆ ನಿಲ್ಲುವುದೇ, ಅಥವಾ ಒಂದು ಕಿಲೋ ಹೆಚ್ಚಾದರೂ ಎರಡು ಪದರದ ಟೆಂಟನ್ನೇ ಒಯ್ಯಬೇಕೇ? ಆ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.