ಮೂವತ್ತು ವರ್ಷ ದಾಟಿದ ಆರ್‌ಎಕ್ಸ್ 100 ಕೊಳ್ಳುವ ಮುನ್ನ ಏನೇನು ನೋಡಬೇಕು?

ಕುಶಾವತಿ ದಡ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ಒಬ್ಬರ ಮನೆಯಲ್ಲಿ 1994ರ ಯಮಹಾ ಆರ್‌ಎಕ್ಸ್ 100 ಮಾರಾಟಕ್ಕಿದೆ. ನಾನು ಚಿಕ್ಕವನಿದ್ದಾಗ ಸೋದರಮಾವ ಇಂಥದೇ ಗಾಡಿಯ ಟ್ಯಾಂಕಿನ ಮೇಲೆ ನನ್ನನ್ನು ಕೂರಿಸಿಕೊಂಡು ಎಳ್ಳಮಾವಾಸ್ಯೆ ಜಾತ್ರೆಗೆ ಕರೆತರುತ್ತಿದ್ದರು. ಅಂದಿನಿಂದಲೂ ಈ ಗಾಡಿಯ ಮೇಲೆ ಮನಸ್ಸಿದೆ. ಬಣ್ಣ ಹೊಸದು, ಸದ್ದೂ ಚೆನ್ನಾಗಿದೆ. ಆದರೆ ಆರ್‌ಸಿ (ನೋಂದಣಿ ಪತ್ರ) ಅವಧಿ 2024ಕ್ಕೆ ಮುಗಿದಿದೆ. ಮನೆಯಲ್ಲಿಟ್ಟು ನೋಡುವುದಕ್ಕಲ್ಲ, ತೋಟಕ್ಕೂ ಪೇಟೆಗೂ ದಿನವೂ ಓಡಿಸಬೇಕೆಂದಿದ್ದೇನೆ. ಮುಂಗಡ ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕೆಂದು ಬಲ್ಲವರು ತಿಳಿಸಬೇಕು.

ಸಾಗರದ ಮೆಕ್ಯಾನಿಕ್:

ನೋಡಲು ಹೋಗುವ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ, ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಆ ದಿನ ಮಾತು ಮುಂದುವರಿಸದೆ ಬನ್ನಿ. ತಣ್ಣಗಿರುವ ಎಂಜಿನ್ ಚೋಕ್ ಎಳೆದು ಎರಡು ಮೂರು ಕಿಕ್ಕಿಗೆ ಹಿಡಿಯಬೇಕು. ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದರೆ ಪಿಸ್ಟನ್ ರಿಂಗ್ ಅಥವಾ ಬ್ಲಾಕ್ (ಪಿಸ್ಟನ್ ಆಡುವ ಸಿಲಿಂಡರ್) ಸವೆದಿದೆ ಎಂದು ತಿಳಿಯಿರಿ.

ಹೊಗೆಗೆ ಹೆದರಬೇಕಾಗಿಲ್ಲ, ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುತ್ತದೆ. ಆದರೆ ಎಂಜಿನ್ ಚೆನ್ನಾಗಿ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಎಣ್ಣೆ, ಗಾಳಿ ಒಳನುಗ್ಗದಂತೆ ತಡೆಯುವ ರಬ್ಬರ್ ಬಳೆ) ಹೋಗಿ ಗೇರ್ ಆಯಿಲ್ ಒಳಗೆ ಸೇರುತ್ತಿರುವ ಸಾಧ್ಯತೆಯೇ ಹೆಚ್ಚು. ಮ್ಯಾಗ್ನೆಟ್ ಕಡೆಯ ಸೀಲ್ ಹೋಗಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಕ್ಷಣ ಇಳಿಯುವುದಿಲ್ಲ. ಇದು ಇನ್ನೂ ಅಪಾಯದ್ದು, ಏಕೆಂದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಮತ್ತು ಎಣ್ಣೆ ಕಡಿಮೆಯಾದಾಗ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಪ್ಲಗ್ ಬಿಚ್ಚಿಸಿ ನೋಡಿ, ತುದಿ ಹುರಿದ ಕಾಫಿ ಬೀಜದ ಬಣ್ಣಕ್ಕಿದ್ದರೆ ಒಳ್ಳೆಯದು, ಬಿಳಿಚಿಕೊಂಡಿದ್ದರೆ ಇದೇ ಸೀಲನ್ನು ಶಂಕಿಸಿ.

ಬ್ಲಾಕಿಗೆ ಎಷ್ಟು ಸಲ ಬೋರ್ ಆಗಿದೆ, ಅಂದರೆ ಸವೆದ ಒಳಮೈಯನ್ನು ಎಷ್ಟು ಸಲ ಕೊರೆದು ಅಗಲಿಸಿದ್ದಾರೆ ಎಂದೂ ಕೇಳಿ. ಪಿಸ್ಟನ್ನುಗಳು 0.25 ಮಿ.ಮೀ. ಮೆಟ್ಟಿಲಿನಲ್ಲಿ ದೊಡ್ಡದಾಗುತ್ತ ಹೋಗುತ್ತವೆ. ಕೊನೆಯ ಅಳತೆಗೆ ಬಂದ ಬ್ಲಾಕಿನೊಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಬೇಕು, ಇಲ್ಲವೇ ಬೇರೆ ಬ್ಲಾಕ್ ಹುಡುಕಬೇಕು. ಈ ಗಾಡಿಯ ತಯಾರಿಕೆ 1996ರಲ್ಲೇ ನಿಂತಿರುವುದರಿಂದ ಅಸಲಿ ಬ್ಲಾಕ್ ಸಿಗುವುದು ಸುಲಭವಲ್ಲ. ವೇಗಕ್ಕೆಂದು ಪೋರ್ಟ್ (ಬ್ಲಾಕಿನಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿ) ಕೊರೆಸಿದ ಎಂಜಿನ್ ಆಗಿದ್ದರೆ ದಿನದ ಓಡಾಟಕ್ಕೆ ದಯವಿಟ್ಟು ಕೊಳ್ಳಬೇಡಿ.

ಆಗುಂಬೆ ಕಡೆಯ ತೋಟದವ:

ಮೇಲಿನವರು ಹೇಳಿದ್ದೆಲ್ಲ ನಿಜ, ಆದರೆ ಎಂಜಿನ್ ಹಣ ಕೊಟ್ಟರೆ ಸರಿಹೋಗುತ್ತದೆ. ನಮ್ಮ ಕಡೆಯ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಚಾಸಿಯನ್ನು, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟನ್ನು. ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗುವುದನ್ನೇ ಕಾಣದ ಕಬ್ಬಿಣದ ಮೇಲೆ ಹೊಸ ಬಣ್ಣ ಬಳಿದಿದ್ದರೆ, ಆ ಬಣ್ಣವೇ ನನಗೆ ಅನುಮಾನ ತರಿಸುತ್ತದೆ. ಸೀಟು ತೆಗೆಸಿ, ಬ್ಯಾಟರಿ ಪೆಟ್ಟಿಗೆಯ ಅಡಿ, ಹಿಂದಿನ ಮಡ್‌ಗಾರ್ಡಿನ ಒಳಮೈ, ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಇವನ್ನೆಲ್ಲ ಸ್ಕ್ರೂ ಡ್ರೈವರಿನ ತುದಿಯಿಂದ ಮೆಲ್ಲಗೆ ಕುಟ್ಟಿ ನೋಡಿ. ಗಟ್ಟಿ ಕಬ್ಬಿಣದ ಸದ್ದು ಟಣ್ಣೆನ್ನುತ್ತದೆ, ತಿಂದುಹೋದ ಕಬ್ಬಿಣದ್ದು ಮಂದವಾಗಿರುತ್ತದೆ. ಟ್ಯಾಂಕಿನೊಳಕ್ಕೆ ಟಾರ್ಚ್ ಬಿಟ್ಟು ತುಕ್ಕು ಇದೆಯೇ ನೋಡಿ.

ಅಡಿಕೆ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತದ ನೀರನ್ನು ಡ್ರಮ್ಮಿನಲ್ಲಿ ಹೇರಿಕೊಂಡು ಓಡಾಡಿದ ಗಾಡಿಯೇ ಎಂದು ಮರೆಯದೆ ವಿಚಾರಿಸಿ. ಆ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿಹೋಗುತ್ತದೆ. ನನ್ನ ಹಿಂದಿನ ಗಾಡಿಯ ಕ್ಯಾರಿಯರ್ ಬೋಲ್ಟು ಹೀಗೆಯೇ ಸವೆದು, ಮಳೆಯಲ್ಲಿ ತುಂಡಾಗಿ, ಮೂಟೆ ಸಮೇತ ರಸ್ತೆಗೆ ಬಿದ್ದೆ.

ಓಡಿಸಿ ನೋಡುವುದಾದರೆ ಸಮತಟ್ಟಿನಲ್ಲಿ ಸಾಲದು. ಹಿಂದೊಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸಿ. ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹೆಚ್ಚು ತಡೆಯುವುದಿಲ್ಲವಾದ್ದರಿಂದ, ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯಂಥ ಕಡೆ ಎಲ್ಲ ಭಾರವೂ ಡ್ರಮ್ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕ್ ಲೈನರ್ ಎಷ್ಟು ಸವೆಯದೆ ಉಳಿದಿದೆ ಎಂಬುದನ್ನು ಚಕ್ರ ಬಿಚ್ಚಿಸಿಯೇ ನೋಡಿ.

ಶಿವಮೊಗ್ಗದ ಹಳೆ ಗಾಡಿ ಪ್ರೇಮಿ:

ದಾಖಲೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಅವಧಿ ಮುಗಿದ ಗಾಡಿಯನ್ನು ಮಾರುವವರೇ ತಪಾಸಣೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, ನವೀಕರಿಸಿ ಕೊಡಲಿ. ಆಮೇಲೆ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಪಡೆಯಿರಿ. ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ, ಸಾಲ ತೀರಿ ಎಷ್ಟು ವರ್ಷವಾಗಿದ್ದರೂ ಅದನ್ನು ತೆಗೆಸಬೇಕು. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಹೋಲಿಸಿ, ಎಂಜಿನ್ ಸಂಖ್ಯೆಗೂ ಹಾಗೆಯೇ ಮಾಡಿ. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ನಮೂದಾಗಿರದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ನಾನಾದರೆ ಕೊಳ್ಳುವುದಿಲ್ಲ.

ಕುಶಾವತಿ ದಡ, ತೀರ್ಥಹಳ್ಳಿ:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಹೋಗಿ ನೋಡಿ ಬಂದೆ. ತಣ್ಣಗಿದ್ದ ಎಂಜಿನ್ ಮೂರನೇ ಕಿಕ್ಕಿಗೆ ಹಿಡಿಯಿತು, ಎರಡೂ ಸಂಖ್ಯೆಗಳು ಹೊಂದುತ್ತವೆ, ಆರ್‌ಸಿ ನವೀಕರಿಸಿ ಕೊಡಲು ಒಪ್ಪಿದ್ದಾರೆ. ಆದರೆ ಸೀಟು ತೆಗೆದಾಗ ಎಡಗಡೆ ಹೊಸ ಬಣ್ಣದ ಅಡಿಯಲ್ಲಿ ವೆಲ್ಡಿಂಗಿನ ಉಬ್ಬು ಕಂಡಿತು. ಹಳೆಯ ಕ್ಯಾರಿಯರ್ ಕೂರಿಸಿದ್ದ ಗುರುತು ಎನ್ನುತ್ತಾರೆ.

ಸಾಗರದ ಮೆಕ್ಯಾನಿಕ್:

ಕ್ಯಾರಿಯರ್ ಕಂಬಿಯ ವೆಲ್ಡಿಂಗ್ ಆದರೆ ತೊಂದರೆಯಿಲ್ಲ. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗದಲ್ಲಿದ್ದರೆ ಚಾಸಿ ಒಮ್ಮೆ ಸೀಳಿದೆ ಎಂದೇ ಅರ್ಥ. ಅಲ್ಲಿ ಬಣ್ಣ ಕೆರೆದು ನೋಡಲು ಅವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.