ಕ್ರೋಶಾ ಮಿಟನ್: ದಪ್ಪ ಉಲ್ಲನ್ ಹಾಕಿದರೂ ಗಾಳಿ ಒಳಗೆ ನುಗ್ಗುತ್ತಿದೆ, ಏನು ಮಾಡಲಿ?

ಹೊಸಗೈ:

ಎಲ್ಲರಿಗೂ ನಮಸ್ಕಾರ. ಶಾಲು, ಮಫ್ಲರ್, ಟೋಪಿ ಇಷ್ಟನ್ನು ಕ್ರೋಶಾದಲ್ಲಿ ಆರಾಮಾಗಿ ಹಾಕುತ್ತೇನೆ. ಈಗ ಅಮ್ಮನಿಗೆ ಚಳಿಗಾಲಕ್ಕೆ ಒಂದು ಜೊತೆ ಮಿಟನ್ (ಹೆಬ್ಬೆರಳು ಬೇರೆ, ಉಳಿದ ನಾಲ್ಕು ಬೆರಳು ಒಟ್ಟಿಗೆ ಇರುವ ಕೈಚೀಲ) ಹಾಕಲು ಕೂತಿದ್ದೇನೆ. ಐದು ಬೆರಳಿನ ಗ್ಲೌಸ್ ಅವರಿಗೆ ಆಗುವುದಿಲ್ಲ. ಬೆರಳ ಗಂಟುಗಳು ನೋಯುತ್ತವೆ, ಒಂದೊಂದೇ ಬೆರಳು ತೂರಿಸಿಕೊಳ್ಳುವುದು ಅಂದರೆ ದೊಡ್ಡ ಕೆಲಸ. ಬೆಳಗ್ಗೆ ಬೇಗ ವಾಕಿಂಗ್ ಹೋಗುತ್ತಾರೆ, ಆಗ ಹಾಕಿಕೊಳ್ಳಲು ಬೇಕು.

ಬಲಗೈದು ಮುಗಿದಿದೆ. ನೋಡುವುದಕ್ಕೆ ಚೆನ್ನಾಗಿದೆ, ಬೆಚ್ಚಗೆ ಮಾತ್ರ ಇಲ್ಲ. ದಪ್ಪ ಅಕ್ರಿಲಿಕ್ ಉಲ್ಲನ್, 6 ಮಿ.ಮೀ. ಕಡ್ಡಿ, ಪೂರ್ತಿ ಡಬಲ್ ಕ್ರೋಶಾ (ಎತ್ತರದ ಕಂಬದ ಹೊಲಿಗೆ). ಬೆಳಕಿಗೆ ಹಿಡಿದರೆ ಸಂದುಸಂದಲ್ಲೂ ಬೆಳಕು ಕಾಣುತ್ತದೆ. ಹೆಬ್ಬೆರಳಿಗೆ ವಿಡಿಯೋದಲ್ಲಿ ತೋರಿಸಿದ ಹಾಗೆ ಕೆಲವು ಹೊಲಿಗೆ ಬಿಟ್ಟು, ಚೈನ್ ಹಾಕಿ, ಆ ತೂತಿನಿಂದ ಕೊಳವೆ ಎಬ್ಬಿಸಿದೆ. ಅಮ್ಮ ಕೈ ಚಾಚಿದರೆ ಸರಿಯಾಗಿ ಕೂರುತ್ತದೆ, ಮುಷ್ಟಿ ಹಿಡಿದ ತಕ್ಷಣ ಅಂಗೈ ಇಡೀ ಹೆಬ್ಬೆರಳ ಕಡೆಗೆ ಎಳೆಯುತ್ತದೆ.

ಇನ್ನೂ ದಪ್ಪ ಉಲ್ಲನ್ ತೆಗೆದುಕೊಳ್ಳಬೇಕಾ? ಎರಡೆಳೆ ಸೇರಿಸಿ ಹಾಕಲಾ? ನಿಜವಾದ ಉಣ್ಣೆ ಬೆಚ್ಚಗಿರುತ್ತದೆ ಅನ್ನುತ್ತಾರೆ, ಆದರೆ ಅಮ್ಮನಿಗೆ ಉಣ್ಣೆ ಚುಚ್ಚುತ್ತದೆ. ಎಡಗೈದು ಶುರು ಮಾಡುವ ಮೊದಲು ಕೇಳಿಬಿಡೋಣ ಅನ್ನಿಸಿತು.

ದಾರದುಂಡೆ:

ಎರಡೆಳೆ ಸೇರಿಸಿ ಹಾಕಿ, ಬೇಗ ಮುಗಿಯುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು. 8 ಮಿ.ಮೀ. ಕಡ್ಡಿ ತೆಗೆದುಕೊಂಡರೆ ಒಂದು ಸಂಜೆಗೆ ಒಂದು ಜೊತೆ.

ಸಂಜೆಹೆಣಿಗೆ:

ದಾರದುಂಡೆ ಅವರೇ, ಬೇಜಾರು ಮಾಡ್ಕೋಬೇಡಿ, ಟೋಪಿಗೆ ಅದು ಸರಿ, ಮಿಟನ್‌ಗೆ ನಾನು ಒಪ್ಪುವುದಿಲ್ಲ. ದಾರ ದಪ್ಪ ಆದಷ್ಟೂ ಕಡ್ಡಿಯೂ ದೊಡ್ಡದಾಗುತ್ತದೆ, ಕಡ್ಡಿ ದೊಡ್ಡದಾದಷ್ಟೂ ಸಂದೂ ದೊಡ್ಡದಾಗುತ್ತದೆ. ಎರಡೆಳೆಯನ್ನೇ ಸಣ್ಣ ಕಡ್ಡಿಯಲ್ಲಿ ಬಿಗಿದು ಹಾಕಿದಿರೋ, ರಟ್ಟಿನ ಹಾಗೆ ಸೆಟೆದುಕೊಂಡು ಕೈ ಮಡಚುವುದಕ್ಕೇ ಆಗುವುದಿಲ್ಲ. ಬೆರಳ ಗಂಟು ನೋಯುವವರಿಗೆ ಅಂಥದ್ದನ್ನು ಕೊಡುವ ಹಾಗೇ ಇಲ್ಲ.

ಹೊಸಗೈ ಅವರೇ, ಬೆಚ್ಚಗಿಡುವುದು ದಾರಕ್ಕಿಂತ ಜಾಸ್ತಿ ಅದರೊಳಗೆ ಅಲ್ಲಾಡದೆ ನಿಂತ ಗಾಳಿ. ಆ ಗಾಳಿ ನಿಲ್ಲಬೇಕಾದರೆ ಹೆಣಿಗೆ ಒತ್ತಾಗಿರಬೇಕು, ಕೈಗೂ ಮಿಟನ್‌ಗೂ ಮಧ್ಯೆ ಒಂಚೂರು ಜಾಗವೂ ಇರಬೇಕು. ಡಬಲ್ ಕ್ರೋಶಾ ಶಾಲಿಗೆ ಚಂದ. ಅದರ ಕಂಬ ಎತ್ತರ, ಎರಡು ಕಂಬದ ಮಧ್ಯೆ ಕಿಟಕಿ ಬಿಟ್ಟ ಹಾಗೇ ಇರುತ್ತದೆ, ಗಾಳಿ ಬೀಸಿದರೆ ಅಲ್ಲಿಂದಲೇ ಒಳಗೆ. ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಹೊಲಿಗೆ, ತುಂಬಾ ಒತ್ತು, ಆದರೆ ಬಗ್ಗುವುದು ಕಡಿಮೆ, ಹಾಕುವುದೂ ನಿಧಾನ. ಮಿಟನ್‌ಗೆ ನನ್ನ ಮತ ಇವೆರಡರ ಮಧ್ಯದ ಎತ್ತರದ ಹಾಫ್ ಡಬಲ್‌ಗೆ. ಕಡ್ಡಿಗೆ ಒಂದು ಸುತ್ತು ದಾರ ಸುತ್ತಿಕೊಂಡು, ಹೊಲಿಗೆಯಿಂದ ಎಳೆದು, ಕಡ್ಡಿ ಮೇಲಿನ ಮೂರೂ ಕುಣಿಕೆಯಿಂದ ಒಟ್ಟಿಗೆ ಹೊರಗೆ ತೆಗೆಯುತ್ತೇವಲ್ಲ, ಆ ಮೊದಲು ಸುತ್ತಿದ ದಾರ ಹೊಲಿಗೆಯ ಹಿಂದೆ ಅಡ್ಡ ಪಟ್ಟಿಯಾಗಿ ಕೂರುತ್ತದೆ. ಬಟ್ಟೆ ಮೆತ್ತಗೂ ಇರುತ್ತದೆ, ದಪ್ಪವೂ ಬರುತ್ತದೆ.

ದಾರ 4ನೇ ನಂಬರಿನ ಮಧ್ಯಮ ದಪ್ಪ ಸಾಕು. ಅದರ ಲೇಬಲ್ ಮೇಲೆ ಸಾಮಾನ್ಯವಾಗಿ 5.5 ಮಿ.ಮೀ. ಆಸುಪಾಸು ಕಡ್ಡಿ ಬರೆದಿರುತ್ತಾರೆ. ಅದನ್ನು ನಂಬಬೇಡಿ, ಅಂದರೆ ಮಿಟನ್‌ಗೆ ನಂಬಬೇಡಿ. 4 ಅಥವಾ 4.5 ಮಿ.ಮೀ. ತೆಗೆದುಕೊಳ್ಳಿ. ಹತ್ತು ಹೊಲಿಗೆಯ ಒಂದು ತುಂಡು ಹಾಕಿ ಬೆಳಕಿಗೆ ಹಿಡಿದು ನೋಡಿ, ಕಣ್ಣಿಗೆ ಹೊಡೆಯುವಂಥ ಸಂದು ಇಲ್ಲದಿದ್ದರೆ, ಮುಷ್ಟಿಯೊಳಗೆ ಹಿಸುಕಿದರೆ ಮಡಚಿಕೊಂಡರೆ, ಅದೇ ನಿಮ್ಮ ಕಡ್ಡಿ.

ಹೆಬ್ಬೆರಳ ಎಳೆತಕ್ಕೆ ಕಾರಣ ತೂತು ಅಲ್ಲ, ತೂತಿನ ಕೆಳಗೆ ಅಗಲ ಇಲ್ಲದಿರುವುದು. ಸುಮ್ನೆ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಮಣಿಕಟ್ಟಿನಿಂದ ಹೆಬ್ಬೆರಳ ಕವಲಿನವರೆಗೆ ಕೈ ಅಗಲ ಆಗುತ್ತಾ ಹೋಗುತ್ತದೆ. ಅಲ್ಲಿ ನೇರ ಕೊಳವೆ ಹಾಕಿದರೆ ಆ ಅಗಲಕ್ಕೆ ಬಟ್ಟೆ ಎಲ್ಲಿಂದ ಬರಬೇಕು? ಅಂಗೈಯಿಂದಲೇ ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿ ತ್ರಿಕೋನದ ಹಾಗೆ ಹೊಲಿಗೆ ಹೆಚ್ಚಿಸಿಕೊಂಡು ಹೋಗಬೇಕು, ಗಸೆಟ್ ಅನ್ನುವುದು ಅದಕ್ಕೇ. ಅಮ್ಮನ ಕೈ ಅಳತೆ ಹಾಕಿ, ಲೆಕ್ಕ ಹೇಳುತ್ತೇನೆ. ಗೆಣ್ಣುಗಳ ಕೆಳಗೆ ಅಂಗೈ ಸುತ್ತಳತೆ, ಹೆಬ್ಬೆರಳು ಬಿಟ್ಟು. ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಇನ್ನೊಂದು ಸಲ. ಮಣಿಕಟ್ಟು. ಮಣಿಕಟ್ಟಿನಿಂದ ಮಧ್ಯದ ಬೆರಳ ತುದಿಯವರೆಗೆ ಉದ್ದ.

ಹೊಸಗೈ:

ಅಯ್ಯೋ, ಎಷ್ಟು ವಿವರವಾಗಿ ಬರೆದಿದ್ದೀರಿ, ಥ್ಯಾಂಕ್ಸ್. ಅಂಗೈ 19 ಸೆಂ.ಮೀ., ಹೆಬ್ಬೆರಳು ಮಡಚಿದರೆ 22, ಮಣಿಕಟ್ಟು 15.5, ಉದ್ದ 17.5. ಮನೆಯಲ್ಲಿ 4 ಮಿ.ಮೀ. ಕಡ್ಡಿ ಇತ್ತು, 4ನೇ ನಂಬರ್ ದಾರದಲ್ಲಿ ಹಾಫ್ ಡಬಲ್ ತುಂಡು ಹಾಕಿದೆ. 10 ಸೆಂ.ಮೀ.ಗೆ 16 ಹೊಲಿಗೆ, 12 ಸಾಲು ಬರುತ್ತಿದೆ. ಸಂದು ಕಾಣುತ್ತಿಲ್ಲ!

ಸಂಜೆಹೆಣಿಗೆ:

ಒಳ್ಳೆ ಅಳತೆ. 19ಕ್ಕೆ 1 ಸೇರಿಸಿ 20 ಸೆಂ.ಮೀ. ಇಟ್ಟುಕೊಳ್ಳೋಣ, ಆ ಒಂದು ಸೆಂ.ಮೀ. ಗಾಳಿಗೆ. ಸೆಂ.ಮೀ.ಗೆ 1.6 ಹೊಲಿಗೆ, ಅಂದರೆ ಸುತ್ತಿಗೆ 32.

ಮೊದಲು ಕಫ್, ಅಂದರೆ ಮಣಿಕಟ್ಟಿನ ಪಟ್ಟಿ. ಇದನ್ನು ಅಡ್ಡಡ್ಡ ಹಾಕಬೇಕು. 13 ಚೈನ್, ಎರಡನೇ ಚೈನಿನಿಂದ 12 ಸಿಂಗಲ್, ತಿರುಗಿಸಿ, ಮುಂದಿನ ಸಾಲಿನಿಂದ ಹೊಲಿಗೆಯ ಹಿಂದಿನ ಕುಣಿಕೆಗೆ ಮಾತ್ರ ಕಡ್ಡಿ ಹಾಕುತ್ತಾ ಹೋಗಿ. ಏಣು ಏಣಾಗಿ ಬಂದು ರಬ್ಬರಿನ ಹಾಗೆ ಹಿಗ್ಗುತ್ತದೆ. 32 ಸಾಲು ಹಾಕಿದರೆ ಮಣಿಕಟ್ಟಿಗೆ ಹಿಡಿಯಾಗಿ ಕೂರುತ್ತದೆ, ಆದರೆ ನಿಮ್ಮ ಅಮ್ಮನಿಗೆ ನಾನು 36 ಸಾಲು ಹಾಕುತ್ತಿದ್ದೆ. ಕಫ್ ಮಣಿಕಟ್ಟಿಗೆ ಸರಿಹೋದರೆ ಸಾಲದು, 22 ಸೆಂ.ಮೀ.ವರೆಗೂ ಹಿಗ್ಗಬೇಕು, ಇಲ್ಲದಿದ್ದರೆ ಹಾಕಿಕೊಳ್ಳುವಾಗ ತೆಗೆಯುವಾಗ ಪ್ರತಿ ಸಲ ಗಂಟುಗಳಿಗೆ ನೋವು. ಎರಡು ತುದಿ ಸೇರಿಸುವಾಗಲೂ ಸ್ಲಿಪ್ ಸ್ಟಿಚ್ (ಎತ್ತರ ಇಲ್ಲದ ಜೋಡಣೆ ಹೊಲಿಗೆ) ಸಡಿಲವಾಗಿರಲಿ. ಆ ಒಂದು ಗೆರೆ ಬಿಗಿಯಾದರೆ ಇಡೀ ಕಫ್ ಹಿಗ್ಗುವುದಿಲ್ಲ. ಆಮೇಲೆ ಅಂಚಿನ ಉದ್ದಕ್ಕೂ ಸಾಲಿಗೊಂದು ಹಾಫ್ ಡಬಲ್, ಪ್ರತಿ ಒಂಬತ್ತನೇ ಸಾಲು ಬಿಟ್ಟುಬಿಡಿ. 32 ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇದರ ಮೇಲಿನದೇ ಮೊದಲ ಸುತ್ತು.

ಈಗ ಒಂದು ಹೊಲಿಗೆಗೆ ಮಾರ್ಕರ್ ಹಾಕಿ, ಅದೇ ಹೆಬ್ಬೆರಳ ಜಾಗ. ಮೊದಲ ಸುತ್ತಿನಲ್ಲಿ ಆ ಒಂದೇ ಹೊಲಿಗೆಯಲ್ಲಿ ಮೂರು ಹಾಕಿ. ಎರಡನೇ ಸುತ್ತು ಸುಮ್ನೆ ನೇರ. ಮೂರನೇ ಸುತ್ತಿನಲ್ಲಿ ಆ ಮೂರರ ಮೊದಲನೆಯದರಲ್ಲಿ ಎರಡು, ಕೊನೆಯದರಲ್ಲಿ ಎರಡು, ಒಟ್ಟು ಐದು. ಹೀಗೆ ಸುತ್ತು ಬಿಟ್ಟು ಸುತ್ತು ಎರಡೆರಡು ಹೆಚ್ಚಿಸಿದರೆ ಏಳನೇ ಸುತ್ತಿಗೆ ಗಸೆಟ್ ಒಂಬತ್ತು ಹೊಲಿಗೆ ಆಗುತ್ತದೆ. ಎಂಟನೇ ಸುತ್ತು ನೇರ ಹಾಕಿ ಅಮ್ಮನ ಕೈಗೆ ತೊಡಿಸಿ ನೋಡಿ, ಹೆಬ್ಬೆರಳ ಕವಲಿಗೆ ಬಂದಿರಬೇಕು. ಬಂದಿಲ್ಲ ಅಂದರೆ ಇನ್ನೊಂದು ಸುತ್ತು ಹಾಕಿ, ನನ್ನ ಲೆಕ್ಕಕ್ಕಿಂತ ಅವರ ಕೈ ಮುಖ್ಯ. ಒಂಬತ್ತನೇ ಸುತ್ತಿನಲ್ಲಿ ಆ ಒಂಬತ್ತನ್ನೂ ಹಾಗೇ ಬಿಟ್ಟು, ಒಂದು ಚೈನ್ ಹಾಕಿ ದಾಟಿ. ಮತ್ತೆ 32.

ಅಲ್ಲಿಂದ ಕಿರುಬೆರಳ ತುದಿ ಮುಚ್ಚುವವರೆಗೆ ನೇರ, ನಿಮ್ಮ ಅಳತೆಗೆ 17ನೇ ಸುತ್ತಿನವರೆಗೆ. ಆಮೇಲೆ ಸುತ್ತಿಗೆ ನಾಲ್ಕು ಕಡಿಮೆ ಮಾಡಿ, ಎಡಬದಿಗೆ ಎರಡು, ಬಲಬದಿಗೆ ಎರಡು. ಸುತ್ತಲೂ ಸಮನಾಗಿ ಹಂಚಿದರೆ ತುದಿ ಟೋಪಿಯ ಹಾಗೆ ಗುಂಡಗಾಗುತ್ತದೆ, ಬದಿಗೆ ಮಾತ್ರ ಇಳಿಸಿದರೆ ಕೈಯ ಹಾಗೆ ಚಪ್ಪಟೆ ಬರುತ್ತದೆ. ಐದು ಸುತ್ತಿಗೆ 12 ಉಳಿಯುತ್ತದೆ. ದಾರ ಕತ್ತರಿಸಿ, ಸೂಜಿಯಲ್ಲಿ ಆ ಹನ್ನೆರಡರ ಒಳಗೂ ಪೋಣಿಸಿ ಎಳೆದುಬಿಡಿ.

ಹೆಬ್ಬೆರಳಿಗೆ ಬಿಟ್ಟ 9, ಚೈನಿನ ಮೇಲೆ 1, ಅದರ ಎರಡು ಮೂಲೆಗೆ ಒಂದೊಂದು. ಮೂಲೆಯ ಆ ಎರಡನ್ನು ಮರೆತರೆ ಅಲ್ಲೇ ತೂತು ಉಳಿಯುತ್ತದೆ. ಹನ್ನೆರಡು ಹೊಲಿಗೆಯಲ್ಲಿ ಸುಮಾರು ಆರು ಸುತ್ತು, ಆಮೇಲೆ ಎರಡೆರಡು ಸೇರಿಸಿ ಮುಚ್ಚಿ.

ಬಿಡಿಸಿದಗಂಟು:

ಉಣ್ಣೆ ಚುಚ್ಚುವ ವಿಚಾರಕ್ಕೆ ಬರುತ್ತೇನೆ. ಎಲ್ಲ ಉಣ್ಣೆಯೂ ಚುಚ್ಚುವುದಿಲ್ಲ, ಎಳೆ ದಪ್ಪ ಇದ್ದರೆ ಚುಚ್ಚುತ್ತದೆ. ಮೆರಿನೋ ಕುರಿಯ ಉಣ್ಣೆಯ ಎಳೆ ಸಣ್ಣ, ತುಂಬಾ ಜನಕ್ಕೆ ಒಗ್ಗುತ್ತದೆ. ಕೊಳ್ಳುವ ಮೊದಲು ಉಂಡೆಯನ್ನು ಅಮ್ಮನ ಕುತ್ತಿಗೆಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಅಂಗೈ ಚರ್ಮ ಒರಟು, ಅದಕ್ಕೆ ಗೊತ್ತಾಗುವುದಿಲ್ಲ.

ಅಕ್ರಿಲಿಕ್ ಕೆಟ್ಟದ್ದು ಅಂತ ಅಲ್ಲ. ಒಗೆಯುವುದು ಸುಲಭ, ಒಣ ಚಳಿಗೆ ಸಾಕಾಗುತ್ತದೆ. ವ್ಯತ್ಯಾಸ ಗೊತ್ತಾಗುವುದು ಒದ್ದೆಯಾದಾಗ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ನಡೆದು ನಡೆದು ಕೈ ಬೆವರಿದರೆ ಆ ತೇವ ಕೈ ಮೇಲೇ ಉಳಿದು ತಣ್ಣಗಾಗುತ್ತದೆ. ವಾಕಿಂಗಿಗೆ ಅಂತ ಹೇಳಿದ್ದರಿಂದ ಇದನ್ನು ಹೇಳಿದೆ.

ಇನ್ನೊಂದು. ಅಕ್ರಿಲಿಕ್ ಮೇಲೆ ದಯವಿಟ್ಟು ಇಸ್ತ್ರಿ ಇಡಬೇಡಿ, ಹಬೆಯನ್ನೂ ಹತ್ತಿರಕ್ಕೆ ತರಬೇಡಿ. ಬಿಸಿಗೆ ಎಳೆ ಸೋತು ಜೋಲು ಬೀಳುತ್ತದೆ, ಕಫ್‌ನ ಹಿಗ್ಗುವ ಗುಣ ಅಲ್ಲಿಗೆ ಮುಗಿಯಿತು, ಮತ್ತೆ ಬರುವುದಿಲ್ಲ.

ಕೊನೆಸುತ್ತು:

ಇಷ್ಟೆಲ್ಲ ಮಾಡಿಯೂ ಜೋರು ಗಾಳಿಗೆ ಸಾಲದೆ ಹೋದರೆ ಒಳಪದರ ಕೊಡಿ. ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚಗಿನ ಬಟ್ಟೆಯ ಅಂಚು ಎಳೆ ಬಿಚ್ಚುವುದಿಲ್ಲ, ಹೊಲಿಯುವುದು ಸಲೀಸು. ಕೈಯ ಸುತ್ತ ಗೆರೆ ಎಳೆದು, ಒಂದು ಸೆಂ.ಮೀ. ಬಿಟ್ಟು ಎರಡು ತುಂಡು ಕತ್ತರಿಸಿ ಹೊಲಿದು, ಹೊಲಿಗೆಯ ಗಂಟು ಕೈಗೆ ತಾಗದ ಹಾಗೆ ಉಣ್ಣೆಯ ಕಡೆಗೆ ಮಾಡಿ ಒಳಗೆ ತೂರಿಸಿ. ಕಫ್ ಶುರುವಾಗುವ ಕಡೆ ಕೈಹೊಲಿಗೆ, ಹೆಬ್ಬೆರಳ ತುದಿಗೂ ಬೆರಳ ತುದಿಗೂ ಒಂದೊಂದು ಟಾಕಿ ಹಾಕಿ, ಇಲ್ಲದಿದ್ದರೆ ಕೈ ತೆಗೆಯುವಾಗ ಪದರವೂ ಜೊತೆಗೇ ಹೊರಗೆ ಬರುತ್ತದೆ. ಕಫ್‌ಗೆ ಪದರ ಬೇಡ, ಫ್ಲೀಸ್ ಅಷ್ಟು ಹಿಗ್ಗುವುದಿಲ್ಲ.

ಆದರೆ ಇದನ್ನು ಈಗಲೇ ನಿರ್ಧರಿಸಬೇಕು. ಪದರ ಕೊಡುವುದಾದರೆ ಹೊರಗಿನ ಮಿಟನ್ 20 ಸೆಂ.ಮೀ. ಸಾಲದು, 22 ಬೇಕು. ಅಂದರೆ 32ರ ಬದಲು 36 ಹೊಲಿಗೆ, ಕಫ್‌ನ ಸಾಲು ಬಿಡುವುದೂ ಬೇಡ. ಹೆಬ್ಬೆರಳಿಗೂ ಎರಡು ಹೊಲಿಗೆ ಜಾಸ್ತಿ ಇರಲಿ. ಮುಗಿದ ಮೇಲೆ ಒಳಗೆ ತುರುಕಿದರೆ ಕೈ ಬಿಗಿಯುತ್ತದೆ, ಬಿಗಿದರೆ ಗಾಳಿಗೂ ಜಾಗ ಇಲ್ಲ, ರಕ್ತ ಓಡುವುದಕ್ಕೂ ತೊಂದರೆ, ಬೆರಳು ಮೊದಲಿಗಿಂತ ಜಾಸ್ತಿ ತಣ್ಣಗಾಗುತ್ತದೆ.

ಬಿಸಿನೀರಿನಲ್ಲಿ ಉಜ್ಜಿ ಕುಗ್ಗಿಸುವ ವಿಧಾನವನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಣ್ಣೆಯ ಮಿಟನ್ ದೊಡ್ಡದಾಗಿ ಹಾಕಿ ಕುಗ್ಗಿಸಿದರೆ ಗಾಳಿ ತೂರದಷ್ಟು ಒತ್ತಾಗುತ್ತದೆ ಅನ್ನುವುದು ನಿಜ. ಅಕ್ರಿಲಿಕ್ ಕುಗ್ಗುವುದಿಲ್ಲ, ಸೂಪರ್‌ವಾಶ್ (ಮೆಷಿನ್‌ನಲ್ಲಿ ಒಗೆಯಲು ಆಗುವ ಹಾಗೆ ಸಂಸ್ಕರಿಸಿದ್ದು) ಅಂತ ಬರೆದ ಉಣ್ಣೆಯೂ ಕುಗ್ಗುವುದಿಲ್ಲ. ಕುಗ್ಗುವ ಉಣ್ಣೆಯೂ ಎಷ್ಟು ಕುಗ್ಗುತ್ತದೆ ಅಂತ ತುಂಡು ಹಾಕಿ ಒಗೆದು ನೋಡದೆ ಗೊತ್ತಾಗುವುದಿಲ್ಲ. ಮೊದಲ ಜೊತೆಗೇ ಆ ಸಾಹಸ ಬೇಡ.

ದಾರದುಂಡೆ:

ಸರಿ ಸರಿ, ಎರಡೆಳೆ ವಾಪಸ್ ತೆಗೆದುಕೊಂಡೆ 😄 ನಾನು ಹಾಕುವುದೆಲ್ಲ ಮಕ್ಕಳಿಗೆ, ಅವು ಹೇಗೂ ಎರಡು ವಾರಕ್ಕೆ ಒಂದು ಕೈದು ಕಳೆದುಕೊಂಡು ಬರುತ್ತವೆ, ಅದಕ್ಕೇ ಬೇಗ ಮುಗಿದರೆ ಸಾಕು ನನಗೆ. ಮಕ್ಕಳದ್ದಾದರೆ ಎರಡಕ್ಕೂ ಉದ್ದ ದಾರ ಕಟ್ಟಿ ಕೋಟಿನ ತೋಳಿನೊಳಗಿಂದ ತೂರಿಸಿಬಿಡಿ.

ಹೊಸಗೈ:

ಎಲ್ಲರಿಗೂ ಥ್ಯಾಂಕ್ಸ್. ಹಳೆಯದನ್ನು ಪೂರ್ತಿ ಬಿಚ್ಚಿ ಉಂಡೆ ಕಟ್ಟಿದೆ, ಅದು ಮಫ್ಲರ್ ಆಗಲಿ. ಮೆರಿನೋ ಕುತ್ತಿಗೆ ಪರೀಕ್ಷೆಯಲ್ಲಿ ಪಾಸಾಯಿತು. ಒಳಪದರ ಬೇಡ, 32ರಲ್ಲೇ ಹಾಕುತ್ತಿದ್ದೇನೆ. ಗಸೆಟ್ ಮುಗಿದಿದೆ, ಅಮ್ಮ ಮುಷ್ಟಿ ಹಿಡಿದು ತೋರಿಸಿದರು, ಎಳೆತ ಇಲ್ಲ.

ಎರಡು ಅನುಮಾನ ಉಳಿದಿವೆ. ಸುತ್ತು ಜೋಡಿಸದೆ ಸುರುಳಿಯ ಹಾಗೆ ಹಾಕಿಕೊಂಡು ಹೋಗುತ್ತಿದ್ದೇನೆ, ಗಸೆಟ್ ನೆಟ್ಟಗೆ ಏರದೆ ಸ್ವಲ್ಪ ಬಲಕ್ಕೆ ವಾಲಿದೆ. ಮತ್ತೆ, ಎರಡನೆಯದು ಎಡಗೈಗೆ ಕನ್ನಡಿಯ ಹಾಗೆ ತಿರುವಿ ಹಾಕಬೇಕಾ?

ಸಂಜೆಹೆಣಿಗೆ:

ವಾಲುವುದು ನಿಮ್ಮ ಕೈ ತಪ್ಪಲ್ಲ. ಒಂದೇ ಕಡೆಯಿಂದ ಸುತ್ತು ಹಾಕುತ್ತಾ ಹೋದರೆ ಹೊಲಿಗೆಯ ತಲೆ ಕಂಬದ ನೇರಕ್ಕೆ ಕೂರದೆ ಒಂಚೂರು ಪಕ್ಕಕ್ಕೆ ಕೂರುತ್ತದೆ, ಬಲಗೈಯವರಿಗೆ ಬಲಕ್ಕೆ. ಎಂಟು ಸುತ್ತಿಗೆ ಅದು ಕಣ್ಣಿಗೆ ಬೀಳುತ್ತದೆ, ಕೈಗೆ ಗೊತ್ತಾಗುವುದಿಲ್ಲ. ತೀರಾ ಬೇಡ ಅನ್ನಿಸಿದರೆ ಪ್ರತಿ ಸುತ್ತನ್ನೂ ಸ್ಲಿಪ್ ಸ್ಟಿಚ್‌ನಲ್ಲಿ ಮುಗಿಸಿ, ತಿರುಗಿಸಿ, ಉಲ್ಟಾ ಕಡೆಯಿಂದ ಹಾಕಿ, ವಾಲುವುದು ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಜೋಡಿಸಿದ ಕಡೆ ಒಂದು ಗೆರೆ ಕಾಣುತ್ತದೆ, ಅದನ್ನು ಕಿರುಬೆರಳ ಬದಿಗೆ ಇಟ್ಟುಕೊಳ್ಳಿ. ಅಂಗೈಗೆ ಬಂದರೆ ಏನಾದರೂ ಹಿಡಿದಾಗ ಒತ್ತುತ್ತದೆ.

ತಿರುವಿ ಹಾಕುವುದು ಬೇಡ. ನಿಮ್ಮ ಗಸೆಟ್ ಬದಿಗೇ ಇದೆ, ಹೆಬ್ಬೆರಳು ಅಂಗೈ ಕಡೆ ಸರಿದಿಲ್ಲ, ಹಾಗಾಗಿ ಎರಡೂ ಕೈಗೆ ಎರಡೂ ಆಗುತ್ತದೆ. ಯಾವುದು ಎಡ, ಯಾವುದು ಬಲ ಅಂತ ಬೆಳಗಿನ ಕತ್ತಲಲ್ಲಿ ಹುಡುಕುವ ಕೆಲಸವೂ ತಪ್ಪುತ್ತದೆ.

ಒಂದನ್ನು ಈ ವಾರ, ಇನ್ನೊಂದನ್ನು ಮುಂದಿನ ತಿಂಗಳು ಅಂತ ಮಾತ್ರ ಬಿಡಬೇಡಿ. ಕೈಯ ಬಿಗಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ಒಂದು ಚಿಕ್ಕದು ಒಂದು ದೊಡ್ಡದು ಆಗುವುದು ಅದಕ್ಕೇ. ಸುತ್ತು ಎಣಿಸಿ ಚೀಟಿಯಲ್ಲಿ ಬರೆದಿಡಿ. ಟೇಪು ಹಿಡಿದು ಹೋಲಿಸಬೇಡಿ, ಹೆಣಿಗೆ ಎಳೆದ ಹಾಗೆ ಹಿಗ್ಗುತ್ತದೆ, ಟೇಪು ಸುಳ್ಳು ಹೇಳುತ್ತದೆ. ಈ ಅಳತೆಗೆ 100 ಗ್ರಾಂ ಉಂಡೆ ಸಾಮಾನ್ಯವಾಗಿ ಸಾಕು, ಆದರೂ ಮೊದಲನೆಯದು ಮುಗಿದ ಮೇಲೆ ಉಳಿದ ದಾರವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. 50 ಗ್ರಾಂಗಿಂತ ಕಡಿಮೆ ಇದ್ದರೆ ಅದೇ ಬ್ಯಾಚಿನ (ಒಟ್ಟಿಗೆ ಬಣ್ಣ ಹಾಕಿದ) ಇನ್ನೊಂದು ಉಂಡೆ ಈಗಲೇ ತಂದಿಟ್ಟುಕೊಳ್ಳಿ, ಆಮೇಲೆ ಹೋದರೆ ಬಣ್ಣ ಒಂದು ಕೂದಲೆಳೆ ಬೇರೆ ಬರುತ್ತದೆ.