ಹಳೇ ಬೆಕ್ಕು ಹೊಸ ಮರೀನ ಸೇರಿಸ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ನಮ್ಮನೇಲಿ ಐದು ವರ್ಷದ ಹೆಣ್ಣು ಬೆಕ್ಕಿದೆ, ಈಗ ಮಳೇಲಿ ನೆನೀತಿದ್ದ ಒಂದು ಮರಿ ತಂದಿದೀವಿ, ಅದನ್ನ ಕಂಡ್ರೆ ಸಾಕು ಬುಸ್ ಅಂತಾಳೆ, ಊಟಾನೂ ಕಮ್ಮಿ ಮಾಡಿದಾಳೆ, ನೋಡಕ್ಕಾಗ್ತಿಲ್ಲ.

ಉತ್ತರ: ಮೊದ್ಲು ಮರೀನ ವೆಟ್‌ಗೆ ತೋರ್ಸಿ, ಅಲ್ಲೀವರೆಗೂ ಬೇರೆ ರೂಮಲ್ಲಿಡಿ. ಬೆಕ್ಕಿಗೆ ವಾಸನೇನೇ ಪರಿಚಯ, ಮರಿ ಕೆನ್ನೆ ಒರೆಸಿದ ಬಟ್ಟೇನ ಇವಳು ಮಲಗೋ ಕಡೆ ಹಾಕಿ, ಇವಳದ್ದು ಅಲ್ಲಿ ಹಾಕಿ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಇಟ್ಟು, ನಿಧಾನಕ್ಕೆ ಬಟ್ಟಲು ಹತ್ರ ತನ್ನಿ.

ಉತ್ತರ: ಬುಸ್ ಅಂದ್ರೆ ಬೈಬೇಡಿ ಪ್ಲೀಸ್, ದೂರ ಇರು ಅಂತ ಹೇಳ್ತಿದಾಳೆ. ಲಿಟರ್ ಟ್ರೇ (ಬೆಕ್ಕು ಕಕ್ಕ-ಉಚ್ಚೆ ಮಾಡೋ ತಟ್ಟೆ) ಮೂರಿಡಿ, ಬೆಕ್ಕಿಗೊಂದೊಂದು, ಜೊತೆಗೆ ಒಂದು ಹೆಚ್ಚಿಗೆ. ಒಂದು ದಿನ ಪೂರ್ತಿ ತಿನ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ, ಲಿವರ್‌ಗೆ ತೊಂದ್ರೆ ಆಗ್ಬೋದು.

ಪ್ರಶ್ನೆ: ಮರೀನ ಬಾತ್‌ರೂಮಲ್ಲಿಡಬಹುದಾ?

ಉತ್ತರ: ಇಡಿ, ನೆಲ ಒಣಗಿರ್ಲಿ, ಬಕೆಟ್ ಖಾಲಿ ಇರ್ಲಿ.